ಪಾದ್ರಿಗಿಂತ ಮೊದಲು ಬಂದ ಹಿರಿಯರು

ಸಿಡ್ನಿಯ ವಾಯವ್ಯಕ್ಕೆ, ಹಾಕ್ಸ್‌ಬರಿ ನದಿಯ ದಡದಲ್ಲಿ ಎಬೆನೆಜರ್ ಎಂಬ ಪುಟ್ಟ ಕಲ್ಲಿನ ಚರ್ಚು ಇದೆ. 1809ರ ಈ ಕಟ್ಟಡ ಆಸ್ಟ್ರೇಲಿಯಾದಲ್ಲಿ ಇಂದಿಗೂ ಉಳಿದಿರುವ ಚರ್ಚುಗಳಲ್ಲೆಲ್ಲ ಹಳೆಯದು. 1802ರಲ್ಲಿ ‘ಕೋರಮಂಡಲ್’ ಹಡಗಿನಲ್ಲಿ ಬಂದಿಳಿದ, ಬಹುಮಟ್ಟಿಗೆ ಸ್ಕಾಟ್ಲೆಂಡ್ ಗಡಿಸೀಮೆಯ ರೈತ ಕುಟುಂಬಗಳು ಇದನ್ನು ಕಟ್ಟಿದವು. ಅವರ ಜೊತೆ ಪಾದ್ರಿ ಇರಲಿಲ್ಲ. ಜೇಮ್ಸ್ ಮೀನ್ ಎಂಬ ಹಿರಿಯರೇ ಆರಾಧನೆ ನಡೆಸಿ ಸಭೆಯನ್ನು ಹಿಡಿದಿಟ್ಟರು. ಸಿಡ್ನಿಗೆ ಪ್ರೆಸ್ಬಿಟೇರಿಯನ್ ಪಾದ್ರಿ ಜಾನ್ ಡನ್‌ಮೋರ್ ಲ್ಯಾಂಗ್ ಬಂದದ್ದು 1823ರಲ್ಲಿ. ಮೆಥಡಿಸ್ಟರದೂ ಇದೇ ಕಥೆ: ಇಬ್ಬರು ಶಾಲಾ ಮೇಷ್ಟ್ರುಗಳು, ಥಾಮಸ್ ಬೌಡನ್ ಮತ್ತು ಜಾನ್ ಹೋಸ್ಕಿಂಗ್, 1812ರಲ್ಲಿ ಸಿಡ್ನಿಯಲ್ಲಿ ಮೊದಲ ಕೂಟ ಸೇರಿಸಿದರು. ಪಾದ್ರಿ ಸಾಮ್ಯುಯೆಲ್ ಲೀ ಕಾಲಿಟ್ಟದ್ದು 1815ರಲ್ಲಿ. ಸಭಾ ಹಿರಿಯರೆಂದರೆ ಪಾದ್ರಿಯ ಸಹಾಯಕರು ಎಂದು ನಂಬುವವರು ಈ ಇಸವಿಗಳನ್ನು ಗಮನಿಸಬೇಕು. ವಿಶ್ವಾಸಿಗಳ ಯೋಗಕ್ಷೇಮ ನೋಡಿಕೊಳ್ಳುವ ಹೊಣೆ ಮೂಲತಃ ಹಿರಿಯರದೇ, ಪಾದ್ರಿ ಅದರಲ್ಲಿ ಪಾಲುಗಾರ ಎಂಬುದು ನನ್ನ ವಾದ.

ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಹಿರಿಯರನ್ನು ಸಭೆಯೇ ಆರಿಸುತ್ತದೆ; ಆಮೇಲೆ ಪ್ರಾರ್ಥನೆಯೊಂದಿಗೆ ಅವರನ್ನು ನೇಮಿಸಲಾಗುತ್ತದೆ. ಸಭಾಪಾಲಕರ ಅಧ್ಯಕ್ಷತೆಯಲ್ಲಿ ಅವರು ಕೂಡುವ ಮಂಡಳಿಗೆ ಸೆಷನ್ ಎಂದು ಹೆಸರು. ಒಬ್ಬೊಬ್ಬ ಹಿರಿಯರಿಗೆ ಇಷ್ಟಿಷ್ಟು ಮನೆಗಳೆಂದು ಹಂಚಿಕೊಡುವುದು, ಪ್ರಭುಭೋಜನಕ್ಕೆ ಮುಂಚೆ ಅವರು ಆ ಮನೆಗಳಿಗೆ ಹೋಗಿ ಚೀಟಿ ಕೊಟ್ಟು ಕುಶಲ ವಿಚಾರಿಸುವುದು ಸ್ಕಾಟ್ಲೆಂಡಿನಿಂದ ಬಂದ ವಾಡಿಕೆ. ಚೀಟಿ ನೆಪ, ಭೇಟಿಯೇ ಮುಖ್ಯ. 1977ರ ಜೂನ್ 22ರಂದು ಮೆಥಡಿಸ್ಟ್, ಕಾಂಗ್ರಿಗೇಷನಲ್ ಸಭೆಗಳೂ ಪ್ರೆಸ್ಬಿಟೇರಿಯನ್ನರಲ್ಲಿ ಬಹುಪಾಲೂ ಸೇರಿ ಯುನೈಟಿಂಗ್ ಚರ್ಚ್ ಆದಾಗ ಹಿರಿಯರ ಸೇವೆ ಅಲ್ಲಿಯೂ ಮುಂದುವರಿಯಿತು. ಅಲ್ಲಿ ಹೆಂಗಸರೂ ಮೊದಲಿನಿಂದಲೇ ಹಿರಿಯರಾಗಿದ್ದಾರೆ. ಕರ್ನಾಟಕದ ಓದುಗರಿಗೆ ಹತ್ತಿರದ ಸಂಗತಿಯೊಂದಿದೆ. ಈ ಒಕ್ಕೂಟದ ಮಾತುಕತೆಯಲ್ಲಿ, 1963ರ ವರದಿ ನಮ್ಮ ದಕ್ಷಿಣ ಭಾರತ ಸಭೆಯೊಡನೆ ಒಡಂಬಡಿಕೆ ಮಾಡಿಕೊಂಡು ಬಿಷಪ್ ಪದ್ಧತಿ ತರಬೇಕೆಂದು ಸೂಚಿಸಿತ್ತು. ಆ ಸೂಚನೆ ಬಿದ್ದುಹೋಯಿತು. ಬಿಷಪ್ ಇಲ್ಲದೆ ಒಂದಾದ ಸಭೆಯಲ್ಲಿ ಹಿರಿಯರ ಹೊಣೆ ಹಗುರವಾಗುವುದು ಸಾಧ್ಯವೇ ಇರಲಿಲ್ಲ.

ತರಬೇತಿ ಪಡೆದ ಆಪ್ತಸಮಾಲೋಚಕರು ಇರುವಾಗ ಲೆಕ್ಕಿಗರೋ ದಾದಿಯರೋ ಆಗಿರುವ ಹಿರಿಯರೇಕೆ ಎಂದು ಕೇಳುವವರಿದ್ದಾರೆ. ಖಿನ್ನತೆಗೆ ಪ್ರಾರ್ಥನೆಯೊಂದೇ ಸಾಕು ಎನ್ನುವ ಹಿರಿಯರು ಅಪಾಯಕಾರಿ, ಅದನ್ನು ಒಪ್ಪಲೇಬೇಕು. ಆದರೆ ಸಮಾಲೋಚಕರ ಬಳಿಗೆ ನೊಂದವರೇ ಹೋಗಬೇಕು. ಹಿರಿಯರು ತಾವಾಗಿ ಬರುತ್ತಾರೆ, ನೋವಿಗೆ ಹೆಸರು ಸಿಗುವ ಮೊದಲೇ ಬರುತ್ತಾರೆ. ಸಾಮಾನ್ಯರು ಕಲಿತು ಕಿವಿಗೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಿಡ್ನಿಯೇ ಸಾಕ್ಷಿ: 1963ರಲ್ಲಿ ಮೆಥಡಿಸ್ಟ್ ಪಾದ್ರಿ ಆಲನ್ ವಾಕರ್ ಆರಂಭಿಸಿದ ಲೈಫ್‌ಲೈನ್ ದೂರವಾಣಿ ಸೇವೆ ತರಬೇತಿ ಪಡೆದ ಸ್ವಯಂಸೇವಕರ ಮೇಲೆಯೇ ನಿಂತು ದೇಶವಿಡೀ ಹಬ್ಬಿತು. ತನ್ನ ಕೈ ಮೀರಿದ್ದನ್ನು ವೈದ್ಯರಿಗೆ ಒಪ್ಪಿಸಬಲ್ಲ ವಿವೇಕ ಇದ್ದರೆ ಹಿರಿಯರ ಕೆಲಸಕ್ಕೆ ಪದವಿ ಬೇಕಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಅಧಿಕಾರದ್ದು. ಹಳೆಯ ಸ್ಕಾಟಿಷ್ ಸೆಷನ್‌ಗಳು ಜನರ ಖಾಸಗಿ ಬದುಕಿಗೆ ಕೈಹಾಕಿ, ತಪ್ಪಿತಸ್ಥರನ್ನು ಸಭೆಯೆದುರು ಪಶ್ಚಾತ್ತಾಪದ ಪೀಠದ ಮೇಲೆ ಕೂರಿಸಿ ಅವಮಾನಿಸಿದ್ದುಂಟು. ನಮ್ಮ ಕಾಲದ ಗಾಯ ಇನ್ನೂ ಆಳವಾದದ್ದು: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2017ರಲ್ಲಿ ಕೊಟ್ಟ ವರದಿ, ಚರ್ಚುಗಳು ನಂಬಿಕೆಯ ಮರೆಯಲ್ಲಿ ಎಂಥದ್ದನ್ನು ಮುಚ್ಚಿಟ್ಟವು ಎಂದು ತೋರಿಸಿತು. ಹಾಗಾದರೆ ಮನೆಭೇಟಿಯನ್ನೇ ನಿಲ್ಲಿಸಬೇಕೆ? ನಿಲ್ಲಿಸಿದರೆ ಒಂಟಿ ಮುದುಕರು, ಹೊಸದಾಗಿ ವಲಸೆ ಬಂದವರು ಇನ್ನಷ್ಟು ಒಂಟಿಯಾಗುತ್ತಾರೆ, ಅಷ್ಟೆ. ಬೇಕಿರುವುದು ಕಟ್ಟುಪಾಡು. ಮಕ್ಕಳೊಡನೆ ಕೆಲಸ ಮಾಡುವವರು ಸರ್ಕಾರದ ಹಿನ್ನೆಲೆ ತಪಾಸಣೆಗೆ ಒಳಪಡಲೇಬೇಕು. ವಿಕ್ಟೋರಿಯಾದಲ್ಲಿ 2020ರಿಂದ ಧರ್ಮಸೇವೆಯಲ್ಲಿರುವವರು ಮಗುವಿನ ಮೇಲಿನ ದೌರ್ಜನ್ಯದ ಸುಳಿವನ್ನು ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಗುಟ್ಟು ಕಾಯುವುದು ಹಿರಿಯರ ಧರ್ಮ, ನಿಜ. ಮಗುವಿನ ಸುರಕ್ಷತೆ ಅದಕ್ಕಿಂತ ದೊಡ್ಡದು.

2021ರ ಜನಗಣತಿಯಲ್ಲಿ ಆಸ್ಟ್ರೇಲಿಯಾದ ಶೇ 38.9ರಷ್ಟು ಜನ ತಮಗೆ ಧರ್ಮವಿಲ್ಲ ಎಂದರು. ಸಭೆಗಳು ಸಣ್ಣದಾದಂತೆ ಪೂರ್ಣಾವಧಿ ಪಾದ್ರಿಗೆ ಸಂಬಳ ಕೊಡುವುದು ಕಷ್ಟವಾಗುತ್ತದೆ. ಆಗ ಮತ್ತೆ ಹಾಕ್ಸ್‌ಬರಿಯ ಹಿರಿಯರ ದಾರಿಯೇ ಗತಿ. ಮಂಗಳೂರು, ಉಡುಪಿ, ಧಾರವಾಡಗಳ ಬಾಸೆಲ್ ಮಿಷನ್ ಪರಂಪರೆಯಲ್ಲಿ ಸಭಾ ಹಿರಿಯರನ್ನು ಕಂಡು ಬೆಳೆದು ಈಗ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಸೇವೆ ಹೊಸದೇನಲ್ಲ. ಅಲ್ಲಿನ ಸಭೆ ಹಿರಿಯರಾಗಿ ಎಂದು ಕರೆದರೆ, ಇಂಗ್ಲಿಷ್ ಸಾಲದು, ಬಿಡುವಿಲ್ಲ ಎಂದು ಹಿಂದೆ ಸರಿಯಬೇಡಿ. ಮಗನ ಮನೆಗೆ ಬಂದು ಹಗಲೆಲ್ಲ ಒಬ್ಬರೇ ಕೂತಿರುವ ಊರಿನ ತಾಯಿಯೊಬ್ಬರನ್ನು ಕನ್ನಡದಲ್ಲಿ ಮಾತಾಡಿಸಬಲ್ಲ ಹಿರಿಯರು ಆ ಸಭೆಯಲ್ಲಿ ನೀವೊಬ್ಬರೇ ಇರಬಹುದು.