ಭೂಕಂಪ ಮಾಹಿತಿ ಆಪ್

ಭೂಕಂಪ ಮಾಹಿತಿ ಆಪ್ ಎಂಬುದು ಇತ್ತೀಚೆಗೆ ಸಂಭವಿಸಿದ ಭೂಕಂಪಗಳ ಸಮಯ, ಸ್ಥಳ, ಪರಿಮಾಣ ಮತ್ತು ಆಳವನ್ನು ಮೊಬೈಲ್ ಫೋನಿನಲ್ಲಿ ತೋರಿಸುವ ತಂತ್ರಾಂಶ. ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯಕ್ಕೆ ಸೇರಿದ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ 'ಭೂಕಂಪ್' ಈ ಬಗೆಯ ಆಪ್‌ಗಳಲ್ಲಿ ಒಂದು. ಇದಕ್ಕೂ ಮೊದಲು, 2019ರಲ್ಲಿ, ಇದೇ ಉದ್ದೇಶಕ್ಕಾಗಿ 'ಇಂಡಿಯಾ ಕ್ವೇಕ್' ಎಂಬ ಆಪ್ ಬಿಡುಗಡೆಯಾಗಿತ್ತು. ಈ ಆಪ್‌ಗಳು ಆಗಿಹೋದ ಕಂಪನವನ್ನು ವರದಿ ಮಾಡುತ್ತವೆಯೇ ಹೊರತು ಮುಂದಾಗುವುದನ್ನು ಹೇಳುವುದಿಲ್ಲ. ಭೂಕಂಪದ ದಿನ, ವೇಳೆಯನ್ನು ಮೊದಲೇ ತಿಳಿಸುವ ವಿಧಾನ ಜಗತ್ತಿನ ಯಾವ ಸಂಸ್ಥೆಯಲ್ಲಿಯೂ ಇಲ್ಲ.

ಕಾರ್ಯವಿಧಾನ

ಭೂಕಂಪವಾದಾಗ ಮೊದಲು ಬಂದು ತಲುಪುವ ಪ್ರಾಥಮಿಕ ಅಲೆಗಳು ಭೂಪದರದಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿಯೂ, ಹಾನಿಗೆ ಹೆಚ್ಚು ಕಾರಣವಾಗುವ ದ್ವಿತೀಯ ಅಲೆಗಳು ಸುಮಾರು 3.5 ಕಿ.ಮೀ. ವೇಗದಲ್ಲಿಯೂ ಚಲಿಸುತ್ತವೆ. ಇವೆರಡೂ ಬಂದು ತಲುಪುವ ವೇಳೆಯ ಅಂತರದಿಂದ ಪ್ರತಿಯೊಂದು ಮಾಪನ ಕೇಂದ್ರಕ್ಕೂ ಭೂಕಂಪದ ಮೂಲ ಎಷ್ಟು ದೂರದಲ್ಲಿದೆ ಎಂಬುದು ತಿಳಿಯುತ್ತದೆ. ಹಲವು ಕೇಂದ್ರಗಳ ದಾಖಲೆಗಳನ್ನು ಹೊಂದಿಸಿ ಕೇಂದ್ರಬಿಂದುವನ್ನು ಗುರುತಿಸಲಾಗುತ್ತದೆ. ರಾಷ್ಟ್ರೀಯ ಕೇಂದ್ರದ ಜಾಲದಲ್ಲಿ 150ಕ್ಕೂ ಹೆಚ್ಚು ಮಾಪನ ಕೇಂದ್ರಗಳಿವೆ. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ತನ್ನದೇ ಮಾಪಕಗಳನ್ನು ಹೊಂದಿದ್ದು, ರಾಜ್ಯದ ಸಣ್ಣ ಕಂಪನಗಳ ವಿವರ ಹೆಚ್ಚಾಗಿ ಅಲ್ಲಿಂದಲೇ ಪ್ರಕಟವಾಗುತ್ತದೆ.

ಮೊದಲು ಪ್ರಕಟವಾಗುವ ಅಂಕಿಗಳು ಯಂತ್ರದ ಲೆಕ್ಕಾಚಾರದಿಂದ ಬಂದವಾಗಿರಬಹುದು. ತಜ್ಞರು ಪರಿಶೀಲಿಸಿದ ಬಳಿಕ 3.2 ಎಂದಿದ್ದುದು 3.0 ಆಗುವುದು, ಕೇಂದ್ರಬಿಂದು ಕೆಲವು ಕಿಲೋಮೀಟರ್ ಸರಿಯುವುದು ಸಾಮಾನ್ಯ. ಇದನ್ನು ಮುಚ್ಚಿಡುವ ಪ್ರಯತ್ನವೆಂದು ಶಂಕಿಸಲು ಕಾರಣವಿಲ್ಲ.

ಅಂಕಿಗಳನ್ನು ಓದುವ ಕ್ರಮ

ಕನ್ನಡ ಪತ್ರಿಕೆಗಳು 'ತೀವ್ರತೆ' ಎಂಬ ಒಂದೇ ಪದವನ್ನು ಎರಡು ಅರ್ಥಗಳಲ್ಲಿ ಬಳಸುವುದರಿಂದ ಗೊಂದಲ ಉಂಟಾಗುತ್ತದೆ. ಆಪ್ ತೋರಿಸುವ ಅಂಕಿ ಪರಿಮಾಣ. ಅದು ಭೂಕಂಪದ ಮೂಲದಲ್ಲಿ ಬಿಡುಗಡೆಯಾದ ಶಕ್ತಿಯನ್ನು ಸೂಚಿಸುತ್ತದೆ ಮತ್ತು ಒಂದು ಭೂಕಂಪಕ್ಕೆ ಒಂದೇ ಇರುತ್ತದೆ. ಪರಿಮಾಣ ಒಂದು ಅಂಕಿ ಹೆಚ್ಚಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ತೀವ್ರತೆ ಎಂಬುದು ಆಯಾ ಊರಿನಲ್ಲಿ ನೆಲ ಎಷ್ಟು ಅದುರಿತು ಎಂಬುದರ ಅಳತೆ. ಅದು ದೂರ, ಆಳ, ಮಣ್ಣಿನ ಗುಣಕ್ಕೆ ತಕ್ಕಂತೆ ಊರಿಂದ ಊರಿಗೆ ಬದಲಾಗುತ್ತದೆ. ಆಳವನ್ನು ಖಚಿತವಾಗಿ ಲೆಕ್ಕಹಾಕಲು ಆಗದಿದ್ದಾಗ 10 ಕಿ.ಮೀ. ಎಂಬ ನಿಗದಿತ ಅಂಕಿಯನ್ನು ನಮೂದಿಸುವ ರೂಢಿಯಿದೆ. ಆದುದರಿಂದ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣುವ '10' ಅಳೆದು ಪಡೆದ ಸಂಖ್ಯೆಯೇ ಆಗಿರಬೇಕೆಂದಿಲ್ಲ. ವಿದೇಶಿ ಸಂಸ್ಥೆಗಳ ಪಟ್ಟಿಯಲ್ಲಿ ವೇಳೆಯನ್ನು ವಿಶ್ವಕಾಲಮಾನದಲ್ಲಿ ಕೊಟ್ಟಿದ್ದರೆ ಭಾರತೀಯ ಕಾಲಮಾನಕ್ಕೆ 5 ಗಂಟೆ 30 ನಿಮಿಷ ಸೇರಿಸಬೇಕು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ಮಲೆನಾಡು ಪಟ್ಟಣಗಳು ಆಪ್‌ನ ನಕ್ಷೆಯನ್ನು ಎಷ್ಟು ನಂಬಬಹುದು ಎಂಬುದಕ್ಕೆ ಒಳ್ಳೆಯ ಉದಾಹರಣೆ. ಕೊಪ್ಪದಿಂದ ಶೃಂಗೇರಿಯಾಗಲಿ ನರಸಿಂಹರಾಜಪುರವಾಗಲಿ ನೇರ ದೂರದಲ್ಲಿ 20 ಕಿ.ಮೀ.ಯೊಳಗೇ ಇವೆ. ಅಕ್ಷಾಂಶದಲ್ಲಿ 0.1 ಡಿಗ್ರಿಯ ವ್ಯತ್ಯಾಸವಾದರೂ ನೆಲದ ಮೇಲೆ ಅದು ಸುಮಾರು 11 ಕಿ.ಮೀ. ಮಾಪನ ಕೇಂದ್ರಗಳು ವಿರಳವಾಗಿರುವಲ್ಲಿ ಅಷ್ಟು ತಪ್ಪು ಸಾಧ್ಯವಿರುವುದರಿಂದ, ಸಣ್ಣ ಕಂಪನವೊಂದರ ಕೇಂದ್ರಬಿಂದು 'ಶೃಂಗೇರಿ' ಎಂದೋ 'ಕೊಪ್ಪ' ಎಂದೋ ಕಾಣಿಸಿಕೊಂಡ ಮಾತ್ರಕ್ಕೆ ತಾಲ್ಲೂಕನ್ನು ನಿಶ್ಚಯಿಸಲಾಗದು.

ಭಾರತೀಯ ಮಾನಕ ಬ್ಯೂರೊದ 2002ರ ಭೂಕಂಪ ವಲಯ ನಕ್ಷೆಯಲ್ಲಿ ಕರ್ನಾಟಕವು ಕಡಿಮೆ ಅಪಾಯದ 2ನೆಯ ಮತ್ತು ಮಧ್ಯಮ ಅಪಾಯದ 3ನೆಯ ವಲಯಗಳಲ್ಲಿ ಹಂಚಿಹೋಗಿದೆ. ಆದರೂ ಇಲ್ಲಿ ನೆಲ ನಡುಗುವುದೇ ಇಲ್ಲವೆಂದಲ್ಲ. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದ ಸುತ್ತ 4.1 ಪರಿಮಾಣದ ಭೂಕಂಪವಾಯಿತು. 2022ರ ಜೂನ್ 28ರಂದು ಕೊಡಗು–ದಕ್ಷಿಣ ಕನ್ನಡ ಗಡಿಯಲ್ಲಿ 3.0 ಪರಿಮಾಣದ ಕಂಪನ ದಾಖಲಾಗಿ, ಸುಳ್ಯದ ಜನರಿಗೂ ಅನುಭವಕ್ಕೆ ಬಂದಿತು. ನರಸಿಂಹರಾಜಪುರದ ಬಳಿ ಭದ್ರಾ ಜಲಾಶಯದ ಹಿನ್ನೀರು ಇರುವುದರಿಂದ, 1967ರ ಕೊಯ್ನಾ ಭೂಕಂಪದ ಹಾಗೆ ಇಲ್ಲಿಯೂ ನೀರಿನ ಭಾರ ಕಾರಣವಾಗಬಹುದೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರಿಸಲು ಜಲಾಶಯದ ಸುತ್ತ ಮಾಪಕಗಳನ್ನಿಟ್ಟು ವರ್ಷಗಟ್ಟಲೆ ದಾಖಲಿಸಬೇಕಾಗುತ್ತದೆ. ಆಪ್‌ನ ಪಟ್ಟಿಯೊಂದರಿಂದ ಅದು ತೀರ್ಮಾನವಾಗುವ ವಿಷಯವಲ್ಲ.

ಪಟ್ಟಿಯಲ್ಲಿ ಇಲ್ಲದಿದ್ದರೆ

ಮಳೆಗಾಲದಲ್ಲಿ ಮಲೆನಾಡಿಗರಿಗೆ ನೆಲದೊಳಗಿಂದ ಬಂದಂತೆ ಸದ್ದು ಕೇಳಿದಾಗ ಅದು ಭೂಕಂಪವೇ, ಗುಡುಗೇ, ಕಲ್ಲುಕ್ವಾರಿಯ ಸಿಡಿತವೇ, ಗುಡ್ಡ ಜರಿಯುತ್ತಿರುವುದೇ ಎಂದು ತಕ್ಷಣ ತಿಳಿಯುವುದಿಲ್ಲ. ಆಪ್ ತೆರೆದಾಗ ಏನೂ ಕಾಣದಿದ್ದರೆ ಅದರ ಅರ್ಥ, ಜಾಲವು ಗುರುತಿಸಿ ಪ್ರಕಟಿಸುವಷ್ಟು ದೊಡ್ಡ ಭೂಕಂಪ ಈವರೆಗೆ ಅದಕ್ಕೆ ಸಿಕ್ಕಿಲ್ಲ ಎಂದಷ್ಟೆ. ಭೂಕುಸಿತವು ಈ ಪಟ್ಟಿಗೆ ಬರುವುದೇ ಇಲ್ಲ. ಆದ್ದರಿಂದ ಇಳಿಜಾರಿನ ಮನೆಯವರು ಖಾಲಿ ಪಟ್ಟಿಯನ್ನು ನೋಡಿ ನಿಶ್ಚಿಂತರಾಗುವುದು ಅಪಾಯಕಾರಿ. ಧರೆಯಲ್ಲಿ ಹೊಸ ಬಿರುಕು, ವಾಲಿದ ಮರಗಳು, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗಿ ಹರಿಯುವುದು ಕಂಡರೆ ಆಪ್ ಏನೇ ತೋರಿಸಲಿ, ಅಲ್ಲಿಂದ ತೆರವಾಗಿ ಗ್ರಾಮ ಪಂಚಾಯಿತಿಗೋ ತಹಶೀಲ್ದಾರರ ಕಚೇರಿಗೋ ತಿಳಿಸಬೇಕು. ಭೂಕುಸಿತದ ಮಾಹಿತಿಗೆಂದೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು 2024ರಲ್ಲಿ 'ಭೂಸ್ಖಲನ್' ಎಂಬ ಪ್ರತ್ಯೇಕ ಆಪ್ ಹೊರತಂದಿದೆ.

ಎಚ್ಚರಿಕೆ ಸಂದೇಶಗಳು

2023ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಸಂಸ್ಥೆಯು ಭಾರತದಲ್ಲಿ ಆರಂಭಿಸಿದ ಆಂಡ್ರಾಯ್ಡ್ ಭೂಕಂಪ ಎಚ್ಚರಿಕೆ ವ್ಯವಸ್ಥೆ ಇದಕ್ಕಿಂತ ಭಿನ್ನ. ಫೋನಿನೊಳಗಿನ ವೇಗೋತ್ಕರ್ಷ ಮಾಪಕಗಳೇ ಅಲ್ಲಿ ಭೂಕಂಪಮಾಪಕಗಳು. ಒಂದು ಪ್ರದೇಶದ ಅನೇಕ ಫೋನುಗಳು ಏಕಕಾಲದಲ್ಲಿ ಅದುರಿದರೆ ಸರ್ವರ್ ಅದನ್ನು ಗ್ರಹಿಸಿ, ದೂರದವರಿಗೆ ಅಲೆ ತಲುಪುವ ಮೊದಲೇ ಸಂದೇಶ ಕಳುಹಿಸುತ್ತದೆ. 100 ಕಿ.ಮೀ. ದೂರದಲ್ಲಿರುವವರಿಗೆ ದೊರೆಯುವ ಕಾಲಾವಕಾಶ ಕೆಲವೇ ಸೆಕೆಂಡುಗಳು. ಕೇಂದ್ರಬಿಂದುವಿನ ಮೇಲೆಯೇ ಇರುವವರಿಗೆ ಅದೂ ಇಲ್ಲ. ಈ ಸಂದೇಶಗಳು 4.5 ಅಥವಾ ಹೆಚ್ಚಿನ ಪರಿಮಾಣಕ್ಕೆ ಮಾತ್ರ ಬರುವುದರಿಂದ ಸುಳ್ಯದಲ್ಲಿ ಅನುಭವಕ್ಕೆ ಬಂದಂತಹ ಕಂಪನಗಳಿಗೆ ಫೋನು ಮೌನವಾಗಿರುತ್ತದೆ.

ಅನುಭವದ ವರದಿ

ಕಂಪನ ಅನುಭವಿಸಿದವರು ತಮ್ಮ ಊರು, ವೇಳೆ, ಪಾತ್ರೆ ಅಲುಗಿತೇ, ಗೋಡೆ ಬಿರಿಯಿತೇ ಮುಂತಾದ ವಿವರಗಳನ್ನು ದಾಖಲಿಸುವ ಅವಕಾಶ ಹಲವು ಆಪ್‌ಗಳಲ್ಲಿದೆ. ಯುರೋಪಿನ 'ಲಾಸ್ಟ್‌ಕ್ವೇಕ್' ಆಪ್ ಇಂತಹ ವರದಿಗಳಿಗೇ ಹೆಸರಾಗಿದೆ. ಮಾಪಕಗಳು ದೂರದೂರವಿರುವ ಪ್ರದೇಶದಲ್ಲಿ, ಯಾವ ಹಳ್ಳಿಯಲ್ಲಿ ನೆಲ ಎಷ್ಟು ಅದುರಿತು ಎಂಬುದನ್ನು ತಿಳಿಯಲು ಈ ವರದಿಗಳೇ ಮುಖ್ಯ ಆಧಾರ. ಮೊಬೈಲ್ ಸಂಕೇತ ಸಿಗದ ಕಡೆ ಗಡಿಯಾರ ನೋಡಿ ವೇಳೆಯನ್ನು ಬರೆದಿಟ್ಟುಕೊಂಡು, ಸಂಪರ್ಕ ದೊರೆತಾಗ ಕಳುಹಿಸಿದರೂ ಪ್ರಯೋಜನಕ್ಕೆ ಬರುತ್ತದೆ.