ಕಂಠ ಕೈಕೊಟ್ಟಾಗ

1841ರ ಬೇಸಗೆ. ಸ್ವೀಡನ್ ದೇಶದಿಂದ ಪ್ಯಾರಿಸ್ ನಗರಕ್ಕೆ ಬಂದಿಳಿದ ಇಪ್ಪತ್ತು ವರ್ಷದ ತರುಣಿಯೊಬ್ಬಳು ಪ್ರಖ್ಯಾತ ಗಾಯನಾಚಾರ್ಯ ಮಾನ್ಯುಯೆಲ್ ಗಾರ್ಸಿಯಾನ ಮುಂದೆ ನಿಂತು ಹಾಡತೊಡಗಿದಳು. ಸ್ವದೇಶದ ರಂಗಮಂದಿರಗಳಲ್ಲಿ ಅವಳು ಆಗಲೇ ಹೆಸರುವಾಸಿ. ಆದರೆ ಬಿಡುವಿಲ್ಲದ ಹಾಡುಗಾರಿಕೆಯಿಂದ, ಅದರಲ್ಲಿಯೂ ಕ್ರಮ ತಪ್ಪಿದ ಹಾಡುಗಾರಿಕೆಯಿಂದ, ಕಂಠ ಬಳಲಿ ಹೋಗಿತ್ತು. ಹಾಡು ನಡುವೆಯೇ ಮುರಿದು ಬಿದ್ದಿತು. ಅವಳಲ್ಲಿ ಕಂಠವೇ ಉಳಿದಿಲ್ಲ, ಇನ್ನು ಕಲಿಸುವುದು ವ್ಯರ್ಥ ಎಂದುಬಿಟ್ಟನು ಗಾರ್ಸಿಯಾ.

ಆ ಗಳಿಗೆಯ ಸಂಕಟವನ್ನು ಮೀರಿಸಿದ ಸಂಕಟವನ್ನು ತನ್ನ ಬಾಳಿನಲ್ಲಿಯೇ ಕಂಡಿಲ್ಲವೆಂದು ಅವಳು ಮುಂದೆ ಸಂಗೀತರಚನಕಾರ ಮೆಂಡೆಲ್ಸೋನನೊಡನೆ ಹೇಳಿಕೊಂಡಳು. ಕಣ್ಣೀರಿಟ್ಟು ಬೇಡಿದ ಹುಡುಗಿಗೆ ಗುರು ಒಂದು ನಿಬಂಧನೆ ವಿಧಿಸಿದನು: ಆರು ವಾರ ಹಾಡಕೂಡದು, ಮಾತನ್ನೂ ಆದಷ್ಟು ಕಡಮೆ ಮಾಡಬೇಕು, ಆಮೇಲೆ ಬಂದರೆ ನೋಡೋಣ. ಔಷಧವಿಲ್ಲ, ಲೇಪವಿಲ್ಲ, ಬರಿಯ ಮೌನ!

ಆರು ವಾರಗಳ ನಂತರ ಕೇಳಿದಾಗ ಆತನಿಗೆ ಕೊಂಚ ಭರವಸೆ ಮೂಡಿತು. ವಾರಕ್ಕೆರಡು ಪಾಠಗಳು ಆರಂಭವಾದುವು. ಅಷ್ಟು ಹೆಸರಾಂತ ಗಾಯಕಿ ಮೊದಲಿನಿಂದ ಓನಾಮ ತೀಡಬೇಕಾಯಿತು. ಸ್ವರಗಳನ್ನು ಮೆಲ್ಲಮೆಲ್ಲನೆ, ಎಚ್ಚರದಿಂದ ಏರಿಸುವುದು, ಇಳಿಸುವುದು. ಒರಟುತನ ತಲೆದೋರದಂತೆ ನೋಡಿಕೊಳ್ಳುವುದು. ಸುಮಾರು ಹತ್ತು ತಿಂಗಳು ಹೀಗೆ ನಡೆಯಿತು. 1842ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನ ರಂಗವನ್ನೇರಿದಾಗ ಅವಳ ಕಂಠ ಮರಳಿ ಬಂದಿತ್ತು. ‘ಸ್ವೀಡನ್ನಿನ ಕೋಗಿಲೆ’ ಎಂದು ಜಗತ್ತು ಕೊಂಡಾಡಿದ ಜೆನ್ನಿ ಲಿಂಡ್ ಇವಳೇ.

ಗಾರ್ಸಿಯಾ ವೈದ್ಯನಲ್ಲ. ಆದರೂ ಆತ ಅಂದು ಮಾಡಿದ್ದು ಇಂದಿನ ಧ್ವನಿಚಿಕಿತ್ಸಕರು ಮಾಡುವ ಕೆಲಸವನ್ನೇ: ಕಿವಿಗೊಟ್ಟು ಪರೀಕ್ಷಿಸುವುದು, ದಣಿದ ಅಂಗಕ್ಕೆ ವಿಶ್ರಾಂತಿ ಕೊಡುವುದು, ಕೆಟ್ಟ ಅಭ್ಯಾಸವನ್ನು ಬಿಡಿಸಿ ಒಳ್ಳೆಯದನ್ನು ರೂಢಿಸುವುದು. ಆದರೆ ಆ ಹುಡುಗಿಯ ಗಂಟಲೊಳಗೆ ಏನಾಗಿದ್ದಿತೆಂಬುದು ಆತನಿಗೂ ತಿಳಿಯದು. ಬದುಕಿರುವ ಮನುಷ್ಯನ ಧ್ವನಿಪೆಟ್ಟಿಗೆಯ ಕೆಲಸವನ್ನು ಕಣ್ಣಾರೆ ನೋಡುವ ಸುಲಭೋಪಾಯ ಆಗ ಇರಲಿಲ್ಲ. ತಾರುಣ್ಯದಲ್ಲಿ ನಾಟಕರಂಗದಲ್ಲಿ ಹಾಡಿ ಹಾಡಿ ಸ್ವಂತ ಕಂಠವನ್ನೇ ಕೆಡಿಸಿಕೊಂಡಿದ್ದ ಗಾರ್ಸಿಯಾನಿಗೆ ಈ ಕೊರಗು ಬಿಡಲಿಲ್ಲ.

1854ರಲ್ಲಿ ಒಂದು ದಿನ ಪ್ಯಾರಿಸ್ಸಿನ ಪಾಲೆ ರಾಯಾಲ್ ಅಂಗಳದಲ್ಲಿ ಅಡ್ಡಾಡುತ್ತಿದ್ದಾಗ, ಕಿಟಕಿಯ ಗಾಜುಗಳ ಮೇಲೆ ಫಳಕ್ಕನೆ ಹೊಳೆದ ಬಿಸಿಲು ಆತನ ಕಣ್ಣಿಗೆ ಬಿದ್ದಿತು. ಕೂಡಲೇ ಅಂಗಡಿಗೆ ಓಡಿ, ದಂತವೈದ್ಯರು ಬಳಸುವ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಆರು ಫ್ರಾಂಕಿಗೆ ಕೊಂಡನು. ಮನೆಗೆ ಬಂದು ಅದನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಒರೆಸಿ, ಕಿರುನಾಲಗೆಗೆ ತಾಗಿಸಿ ಹಿಡಿದು, ಮತ್ತೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿದನು. ಏನಾಶ್ಚರ್ಯ! ತನ್ನದೇ ಧ್ವನಿಪೆಟ್ಟಿಗೆ ಬಾಯ್ದೆರೆದು ಎದುರಿಗೆ ಕಾಣಿಸಿತು. ಮರುವರ್ಷವೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ವೀಕ್ಷಣೆಗಳು ಮಂಡಿತವಾದುವು. ವೈದ್ಯರು ಈ ಕನ್ನಡಿಯನ್ನು ಕೈಗೆತ್ತಿಕೊಂಡದ್ದು ಕೆಲವು ವರ್ಷಗಳ ಮೇಲೆ.

ಅಲ್ಲಿ ಕಾಣುವುದಾದರೂ ಏನು? ಬೆಳ್ಳಗಿನ ಎರಡು ಪುಟ್ಟ ಮಡಿಕೆಗಳು. ಗಂಡಸರಲ್ಲಿಯೂ ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಮಾತನಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಇನ್ನೂರು ಸಲದಷ್ಟು ಇವು ಒಂದಕ್ಕೊಂದು ತಾಗಿ ಬಿಡುತ್ತವೆ. ಅಂದರೆ ತರಗತಿಯಲ್ಲಿ ಒಂದು ಗಂಟೆ ಪಾಠ ಹೇಳುವ ಉಪಾಧ್ಯಾಯಿನಿಯ ಸ್ವರತಂತುಗಳು ಲಕ್ಷಾಂತರ ಸಲ ಅಪ್ಪಳಿಸಿಕೊಳ್ಳುತ್ತವೆ! ಅರವತ್ತು ಮಕ್ಕಳ ಗದ್ದಲವನ್ನು ಮೀರಿಸಿ ಕೂಗಬೇಕಾದರೆ ಆ ಪೆಟ್ಟು ಇನ್ನೂ ಬಿರುಸು. ಗುದ್ದಲಿ ಹಿಡಿದ ಅಂಗೈ ದಡ್ಡುಗಟ್ಟುವಂತೆ, ಅತಿಯಾಗಿ ತಾಗುವೆಡೆಯಲ್ಲಿ ಎರಡು ತಂತುಗಳ ಮೇಲೂ ಎದುರುಬದುರಾಗಿ ಸಣ್ಣ ಗಂಟುಗಳೇಳುತ್ತವೆ. ತಂತುಗಳು ಸರಿಯಾಗಿ ಕೂಡುವುದಿಲ್ಲ, ಉಸಿರು ಸೋರುತ್ತದೆ, ದನಿ ಒಡೆಯುತ್ತದೆ. ಮೇಷ್ಟರು, ಹರಿಕಥೆಯ ದಾಸರು, ಬಸ್ ಕಂಡಕ್ಟರು, ಸಂತೆಯ ವ್ಯಾಪಾರಿ—ಗಂಟಲನ್ನು ನಂಬಿ ಅನ್ನ ಉಣ್ಣುವವರಿಗೆಲ್ಲ ಈ ಭಯವುಂಟು.

ಇಂತಹವರು ಧ್ವನಿಚಿಕಿತ್ಸಕರ ಬಳಿಗೆ ಹೋದರೆ ಮೊದಲು ನಡೆಯುವುದು ವಿಚಾರಣೆ. ದಿನಕ್ಕೆ ಎಷ್ಟು ಗಂಟೆ ಮಾತು? ದನಿ ಕೆಡುವುದು ಬೆಳಗ್ಗೆಯೋ, ಸಂಜೆಯೋ? ಹೊಗೆಸೊಪ್ಪು, ಎದೆಯುರಿ ಉಂಟೆ? ಅನಂತರ ಒಂದೇ ಉಸಿರಿನಲ್ಲಿ ‘ಆ’ ಎಂದು ಎಳೆಯಲು ಹೇಳುತ್ತಾರೆ. ಆರೋಗ್ಯವಂತ ವಯಸ್ಕರು 15 ಸೆಕೆಂಡಿಗೂ ಮಿಗಿಲಾಗಿ ಎಳೆಯಬಲ್ಲರು. ಇನ್ನೊಂದು ಸೊಗಸಾದ ಉಪಾಯವಿದೆ. ‘ಸ್’ ಎಂಬುದಕ್ಕೆ ಸ್ವರತಂತು ಬೇಕಿಲ್ಲ. ಇಂಗ್ಲಿಷಿನ ‘ಜ಼್’ ಎಂಬುದಕ್ಕೆ ಬೇಕು. ಎರಡನ್ನೂ ಸರಿಸಮವಾಗಿ ಎಳೆಯಬಲ್ಲವನ ತಂತುಗಳು ಬಹುಮಟ್ಟಿಗೆ ನೆಟ್ಟಗಿವೆ. ಎರಡನೆಯದು ಬೇಗ ನಿಂತರೆ ದೋಷ ಶ್ವಾಸಕೋಶದಲ್ಲಲ್ಲ, ತಂತುಗಳಲ್ಲಿ ಎಂಬ ಸಂಶಯ. ಗಡಿಯಾರದ ಹೊರತು ಬೇರೆ ಯಂತ್ರ ಬೇಡ!

ದನಿಯ ಒರಟುತನ, ಉಸಿರು ಸೋರಿಕೆ, ಬಲಹೀನತೆ, ಬಿಗಿತ ಇವುಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಜಪಾನೀ ಪದ್ಧತಿ ಲೋಕದಲ್ಲೆಲ್ಲ ರೂಢಿಗೆ ಬಂದಿದೆ. ಆದರೆ ಕಿವಿಯೊಂದನ್ನೇ ನಂಬಿದರಾಗದು. ಗಂಟು, ಪಾರ್ಶ್ವವಾಯು, ಏಡಿಗಂತಿ ಮೂರೂ ಒಂದೇ ಬಗೆಯ ಒಡಕು ದನಿಯನ್ನು ತರಬಲ್ಲವು. ಆದುದರಿಂದ ಕಿವಿ-ಮೂಗು-ಗಂಟಲು ವೈದ್ಯರು ಒಳಗಿಣುಕಿ ನೋಡಲೇಬೇಕು. ಈಗ ಪುಟ್ಟ ಕ್ಯಾಮೆರಾ ಇರುವ ನಳಿಕೆ ಗಾರ್ಸಿಯಾನ ಕನ್ನಡಿಯ ಜಾಗಕ್ಕೆ ಬಂದಿದೆ. ತಂತುಗಳ ಕಂಪನದೊಡನೆ ಹೆಚ್ಚುಕಡಮೆ ತಾಳ ಹೊಂದಿಸಿ ಮಿನುಗುವ ದೀಪದಿಂದ, ಕಣ್ಣಿಗೆ ಹಿಡಿಯಲಾಗದ ಆ ಅಲುಗಾಟ ನಿಧಾನವಾಗಿ ಅಲೆಯಂತೆ ಕಾಣುತ್ತದೆ. ಮೂರು ನಾಲ್ಕು ವಾರ ಕಳೆದರೂ ಒಡೆದ ದನಿ ಕೂಡದಿದ್ದರೆ, ಹೊಗೆಬತ್ತಿಯ ಚಟವಿರುವವರಂತೂ, ಪರೀಕ್ಷೆಯನ್ನು ಮುಂದೂಡಬಾರದು. ಗಂಟಲಿನ ಏಡಿಗಂತಿ ಬೇಗ ಪತ್ತೆಯಾದರೆ ವಾಸಿಯಾಗುವ ಸಂಭವ ಬಹಳ ಹೆಚ್ಚು.

ಮನೆಮದ್ದಿನ ಮಾತು? ಮೆಣಸಿನ ಕಷಾಯ, ಜ್ಯೇಷ್ಠಮಧು, ಕಲ್ಲುಸಕ್ಕರೆ ಹಿತವೇನೋ ಹೌದು. ಆದರೆ ನುಂಗುವಾಗ ಧ್ವನಿಪೆಟ್ಟಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಕಷಾಯ ಸ್ವರತಂತುಗಳನ್ನು ಮುಟ್ಟುವುದೇ ಇಲ್ಲ. ದಿನವಿಡೀ ನೀರು ಕುಡಿದು ಮೈಯನ್ನು ಒಣಗಿಸದಿರುವುದು ಲೇಸು. ಪಿಸುದನಿಯಲ್ಲಿ ಮಾತನಾಡಿದರೆ ಗಂಟಲಿಗೆ ವಿಶ್ರಾಂತಿಯೆಂಬುದೂ ನಂಬಲರ್ಹವಲ್ಲ; ಹಲವರು ಪಿಸುಗುಟ್ಟುವಾಗ ಇನ್ನಷ್ಟು ಬಿಗಿಹಿಡಿಯುತ್ತಾರೆ.

ಗಂಟುಗಳಿಗೆ ಮೊದಲ ಮದ್ದು ಶಸ್ತ್ರವಲ್ಲ, ಅಭ್ಯಾಸ. ಸಣ್ಣ ಕೊಳವೆಯ ಮೂಲಕ ದನಿಯೆಳೆಯುವುದು ಈಗ ಬಹಳ ಬಳಕೆಯಲ್ಲಿದೆ. ತುಟಿಯೆಡೆಯಲ್ಲಿ ತಡೆಯುಂಟಾದಾಗ ತಂತುಗಳು ಬಡಿದಾಡದೆ ಮೃದುವಾಗಿ ಕೂಡುತ್ತವೆ. ಹೀಗೆ ಕಲಿತ ಮೃದುತ್ವವನ್ನು ನಿತ್ಯದ ಮಾತಿಗೆ ತರುವುದೇ ಕಷ್ಟದ ಕೆಲಸ. ಅಮೆರಿಕೆಯಲ್ಲಿ ದನಿ ಕೆಟ್ಟ 44 ಮಂದಿ ಉಪಾಧ್ಯಾಯರ ಮೇಲೆ ಆರು ವಾರ ನಡೆದ ಪ್ರಯೋಗವೊಂದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಗಂಟಲನ್ನು ಕಾಪಾಡಿಕೊಳ್ಳಿರೆಂಬ ಉಪದೇಶಕ್ಕಿಂತ, ಸೊಂಟಕ್ಕೆ ಕಟ್ಟಿಕೊಂಡ ಪುಟ್ಟ ಧ್ವನಿವರ್ಧಕವೇ ಅವರಿಗೆ ಹೆಚ್ಚು ಉಪಕಾರಿಯಾಯಿತು. ಶಾಲೆಗಳ ಆಡಳಿತದವರು ಗಮನಿಸತಕ್ಕ ಮಾತಿದು.

ಕೆಲವೆಡೆ ಗುಣ ಪವಾಡದಂತೆ ತೋರುತ್ತದೆ. ಮೀಸೆ ಬಂದರೂ ಎಳೆಯ ದನಿ ಬಿಡದ ಯುವಕನ ಗಂಟಲಮಣಿಯನ್ನು ಚಿಕಿತ್ಸಕರು ಮೆಲ್ಲನೆ ಒತ್ತಿದರೆ ಗಡುಸು ದನಿ ಹೊರಬೀಳುವುದುಂಟು. ಮನಸ್ಸಿನ ಆಘಾತದಿಂದ ದನಿಯೇ ಅಡಗಿದವಳು ಗಟ್ಟಿಯಾಗಿ ಕೆಮ್ಮಬಲ್ಲಳು. ಕೆಮ್ಮಿಗೆ ಕೂಡುವ ತಂತುಗಳು ಮಾತಿಗೂ ಕೂಡಬಲ್ಲವು. ಆ ಕೆಮ್ಮನ್ನೇ ಹಿಡಿದು ‘ಹ್ಞೂಂ’ ಎನ್ನಿಸಿ, ಅಲ್ಲಿಂದ ಮಾತಿಗೆ ಕರೆತರುತ್ತಾರೆ. ಕಂಪವಾತದಿಂದ ದನಿ ಕ್ಷೀಣಿಸಿದವರಿಗೆ ಗಟ್ಟಿಯಾಗಿ ಹೇಳುವ ತರಬೇತಿ ವಾರಕ್ಕೆ ನಾಲ್ಕರಂತೆ ನಾಲ್ಕು ವಾರ ನಡೆಯುತ್ತದೆ.

ಕನ್ನಡನಾಡಿನವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. 1965ರಲ್ಲಿ ಆರಂಭವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ವಿದ್ಯೆಯನ್ನು ಕಲಿಸುತ್ತಲೂ ರೋಗಿಗಳನ್ನು ನೋಡುತ್ತಲೂ ಬಂದಿದೆ.

ಗಾರ್ಸಿಯಾ ದೀರ್ಘಾಯುಷಿ. 1905ರ ಮಾರ್ಚ್ 17ರಂದು ಆತನಿಗೆ ನೂರು ತುಂಬಿದಾಗ ಗಂಟಲು ವೈದ್ಯರು ಲಂಡನ್ನಿನಲ್ಲಿ ನೆರೆದು ಉತ್ಸವ ನಡೆಸಿದರು; ಚಿತ್ರಕಾರ ಸಾರ್ಜೆಂಟ್ ಬರೆದ ಭಾವಚಿತ್ರವನ್ನು ಒಪ್ಪಿಸಿದರು. ಜೆನ್ನಿ ಲಿಂಡ್ ಅದನ್ನು ನೋಡಲು ಇರಲಿಲ್ಲ. ಕೊನೆಯ ವರ್ಷಗಳಲ್ಲಿ ಅದೇ ಲಂಡನ್ನಿನ ರಾಯಲ್ ಸಂಗೀತ ಕಾಲೇಜಿನಲ್ಲಿ ಎಳೆಯರಿಗೆ ಹಾಡು ಕಲಿಸಿ, 1887ರಲ್ಲಿ ಅವಳು ತೀರಿಕೊಂಡಿದ್ದಳು.