ಯಜಮಾನರ ಕುರ್ಚಿ ಹಠಾತ್ತನೆ ಖಾಲಿಯಾದರೆ...

ನವದೆಹಲಿ: ವ್ಯವಹಾರ ಕಟ್ಟಿ ಬೆಳೆಸಿದವರು ಒಂದು ದಿನ ಇದ್ದಕ್ಕಿದ್ದಂತೆ ಇಲ್ಲವಾದರೆ ಮರುದಿನ ಬೆಳಗ್ಗೆ ಚೆಕ್ಕಿಗೆ ಸಹಿ ಹಾಕುವವರು ಯಾರು? ಕೆಲಸಗಾರರ ಸಂಬಳ, ಅಂಗಡಿ ಬಾಡಿಗೆ, ಬ್ಯಾಂಕಿನ ಕಂತು ನಿಲ್ಲದಂತೆ ನೋಡಿಕೊಳ್ಳುವವರು ಯಾರು? ಅಶುಭದ ಮಾತೆಂದು ನಮ್ಮ ಮನೆಗಳಲ್ಲಿ ಈ ವಿಷಯ ಎತ್ತುವುದೇ ಅಪರೂಪ. ಆದರೆ ಮೊದಲೇ ಯೋಚಿಸಿಡದಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡ ನಾಡಿನದೇ ಒಂದು ಉದ್ಯಮ ತೋರಿಸಿಕೊಟ್ಟಿದೆ.

ಕಾಫಿ ಡೇ ಕಲಿಸಿದ ಪಾಠ

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಆರಂಭವಾದ ಕೆಫೆ ಕಾಫಿ ಡೇ, ದೆಹಲಿಯ ಮಾರುಕಟ್ಟೆಗಳವರೆಗೂ ಬೆಳೆದು ಇಲ್ಲಿನ ಕನ್ನಡಿಗರಿಗೆ ಹೆಮ್ಮೆ ತಂದಿತ್ತು. ಅದರ ಸ್ಥಾಪಕ, ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ 2019ರ ಜುಲೈ 29ರಂದು ಮಂಗಳೂರು ಬಳಿ ನೇತ್ರಾವತಿ ಸೇತುವೆಯಿಂದ ಕಾಣೆಯಾದರು. 31ರಂದು ಅವರ ಪಾರ್ಥಿವ ಶರೀರ ನದಿಯಲ್ಲಿ ದೊರೆಯಿತು. ಅಂದೇ ಸಭೆ ಸೇರಿದ ನಿರ್ದೇಶಕ ಮಂಡಳಿ, ತನ್ನ ಸದಸ್ಯರೂ ಕರ್ನಾಟಕದ ನಿವೃತ್ತ ಮುಖ್ಯ ಕಾರ್ಯದರ್ಶಿಗಳೂ ಆಗಿದ್ದ ಎಸ್.ವಿ. ರಂಗನಾಥ್ ಅವರನ್ನು ಹಂಗಾಮಿ ಅಧ್ಯಕ್ಷರನ್ನಾಗಿ ನೇಮಿಸಿತು.

ಕುರ್ಚಿ ತುಂಬಲು ಒಂದು ದಿನ ಸಾಕಾಯಿತು. ಆದರೆ ಒಬ್ಬರ ತಲೆಯಲ್ಲಿ ಮಾತ್ರ ಇದ್ದ ಲೆಕ್ಕವನ್ನು ಬಿಡಿಸಲು ವರ್ಷಗಳೇ ಬೇಕಾದವು. ತಮ್ಮ ವಹಿವಾಟುಗಳು ಸಹೋದ್ಯೋಗಿಗಳಿಗಾಗಲೀ ಲೆಕ್ಕ ಪರಿಶೋಧಕರಿಗಾಗಲೀ ತಿಳಿದಿರಲಿಲ್ಲ ಎಂದು ಸಿದ್ಧಾರ್ಥರ ಹೆಸರಿನಲ್ಲಿ ಬಹಿರಂಗವಾದ ಪತ್ರದಲ್ಲಿತ್ತು. 2019ರ ಮಾರ್ಚ್ ಅಂತ್ಯಕ್ಕೆ ಸಮೂಹದ ಸಾಲ ಸುಮಾರು 7,200 ಕೋಟಿ ರೂಪಾಯಿ. ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಸೇರಿದಂತೆ ಆಸ್ತಿಗಳನ್ನು ಮಾರಿ ಸಾಲ ತೀರಿಸಬೇಕಾಯಿತು. 2020ರ ಡಿಸೆಂಬರ್‌ನಲ್ಲಿ ಸಿದ್ಧಾರ್ಥರ ಪತ್ನಿ, ಕೇಂದ್ರದಲ್ಲಿ ವಿದೇಶಾಂಗ ಸಚಿವರಾಗಿದ್ದ ದಿ. ಎಸ್.ಎಂ. ಕೃಷ್ಣ ಅವರ ಪುತ್ರಿ ಮಾಳವಿಕಾ ಹೆಗ್ಡೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಹೊಣೆ ಹೊತ್ತರು. 2021ರ ಮಾರ್ಚ್ ವೇಳೆಗೆ ಸಾಲ 2,000 ಕೋಟಿಗಿಂತ ಕೆಳಗಿಳಿದಿತ್ತು. ಸಾಲಗಾರರೊಂದಿಗಿನ ಕಾನೂನು ಸಮರ ಮಾತ್ರ ಆ ಬಳಿಕವೂ ಮುಂದುವರಿಯಿತು.

ಇನ್ಫೋಸಿಸ್‌ನ ಆರು ದಿನ

ಕುರ್ಚಿ ಖಾಲಿಯಾಗಲು ಸಾವೇ ಬೇಕಿಲ್ಲ. 2017ರ ಆಗಸ್ಟ್ 18ರಂದು ಇನ್ಫೋಸಿಸ್ ಮುಖ್ಯಸ್ಥ ವಿಶಾಲ್ ಸಿಕ್ಕಾ ದಿಢೀರ್ ರಾಜೀನಾಮೆ ಘೋಷಿಸಿದರು. ಅದೇ ದಿನ ಪ್ರವೀಣ್ ರಾವ್ ಹಂಗಾಮಿ ಮುಖ್ಯಸ್ಥರಾದರು. 24ರಂದು ನಂದನ್ ನಿಲೇಕಣಿ ಅಧ್ಯಕ್ಷರಾಗಿ ಮರಳಿದರು. 2018ರ ಜನವರಿ 2ರಂದು ಸಲೀಲ್ ಪಾರೇಖ್ ಅಧಿಕಾರ ವಹಿಸಿಕೊಂಡರು. ಮೊದಲು ಹಂಗಾಮಿ ವ್ಯವಸ್ಥೆ, ಬಳಿಕ ಎಲ್ಲರಿಗೂ ನಂಬಿಕೆಯುಳ್ಳ ಹಿರಿಯರು, ಆಮೇಲೆ ಸಾವಧಾನದ ಆಯ್ಕೆ ಎಂಬ ಕ್ರಮ ಇಲ್ಲಿ ಕಾಣುತ್ತದೆ.

ದೊಡ್ಡ ಕಂಪನಿಗಳಿಗೆ ಕಾನೂನು ಗಡುವು ಹಾಕಿದೆ. 2013ರ ಕಂಪನಿ ಕಾಯ್ದೆಯಂತೆ ಷೇರುಪೇಟೆಯ ಹಾಗೂ ದೊಡ್ಡ ಸಾರ್ವಜನಿಕ ಕಂಪನಿಗಳು ಇಂಥ ಪ್ರಮುಖ ಹುದ್ದೆಯನ್ನು ಆರು ತಿಂಗಳಲ್ಲಿ ತುಂಬಬೇಕು. ಷೇರುಪೇಟೆಯ ಕಂಪನಿಗಳಿಗೆ ಸೆಬಿ 2023ರಲ್ಲಿ ಇದನ್ನು ಸಾಮಾನ್ಯವಾಗಿ ಮೂರು ತಿಂಗಳಿಗೆ ಇಳಿಸಿತು.

ಸಣ್ಣ ವ್ಯವಹಾರಕ್ಕೆ ಯಾರು ದಿಕ್ಕು?

ಆದರೆ ರಾಜಧಾನಿಯಲ್ಲಿ ಹೋಟೆಲ್ಲೋ, ನೋಯ್ಡಾ, ಫರೀದಾಬಾದ್‌ಗಳಲ್ಲಿ ಸಣ್ಣ ಘಟಕವೋ, ಗುರುಗ್ರಾಮದಲ್ಲಿ ನಾಲ್ಕಾರು ಜನರ ಕಚೇರಿಯೋ ನಡೆಸುವವರಿಗೆ ನಿರ್ದೇಶಕ ಮಂಡಳಿ ಎಲ್ಲಿಂದ ಬರಬೇಕು? ಊರಿನಲ್ಲಾದರೆ ಅಣ್ಣ, ಭಾವ, ದಾಯಾದಿಗಳು ಓಡಿ ಬಂದಾರು. ಹೊರನಾಡಿನಲ್ಲಿ ಆ ಆಸರೆಯೂ ದೂರ. ಆದ್ದರಿಂದ ಈ ಕೆಲವು ಸಂಗತಿ ತಿಳಿದಿರುವುದು ಒಳಿತು.

* ಪಾಲುದಾರಿಕೆ: 1932ರ ಕಾಯ್ದೆಯಂತೆ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಪಾಲುದಾರರೊಬ್ಬರ ಸಾವಿನೊಂದಿಗೆ ಸಂಸ್ಥೆ ವಿಸರ್ಜನೆಯಾಗುತ್ತದೆ. ಇಬ್ಬರೇ ಇದ್ದಲ್ಲಿ ಮೂರನೆಯವರನ್ನು ಈಗಲೇ ಸೇರಿಸಿಕೊಳ್ಳುವುದು ಕ್ಷೇಮ.

* ಪವರ್ ಆಫ್ ಅಟಾರ್ನಿ: ಬರೆದುಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಅದರ ಬಲವೂ ಸಾಮಾನ್ಯವಾಗಿ ಮುಗಿಯುತ್ತದೆ. ಅದನ್ನೇ ನಂಬಿ ಕೂರುವಂತಿಲ್ಲ.

* ಬ್ಯಾಂಕ್ ಖಾತೆ: ಏಕವ್ಯಕ್ತಿ ಮಾಲೀಕತ್ವದ ಖಾತೆಗೂ ನಾಮಿನಿ ಹೆಸರಿಸಬಹುದು. ಆದರೆ ನಾಮಿನಿ ಹಣ ಪಡೆಯುವವರೇ ಹೊರತು ಅಷ್ಟರಿಂದಲೇ ಒಡೆಯರಾಗುವುದಿಲ್ಲ. ಹೀಗಾಗಿ ಉಯಿಲು ಬೇಕೇ ಬೇಕು.

* ಹೋಟೆಲ್ ಪರವಾನಗಿ: ಆಹಾರ ಸುರಕ್ಷತಾ ಕಾಯ್ದೆಯಂತೆ ಪರವಾನಗಿದಾರರ ಮರಣಾನಂತರ ಮೂರು ತಿಂಗಳು ಅದು ಕುಟುಂಬದವರ ಪರವಾಗಿ ಊರ್ಜಿತದಲ್ಲಿರುತ್ತದೆ. ಅಧಿಕಾರಿ ಅವಧಿ ವಿಸ್ತರಿಸಬಹುದು. ಆ ಗಡುವಿನೊಳಗೆ ಅರ್ಜಿ ಹಾಕಬೇಕು.

* ಜಿಎಸ್‌ಟಿ: ನೋಂದಣಿ ಮಾಲೀಕರ ಪ್ಯಾನ್‌ಗೆ ಅಂಟಿಕೊಂಡಿರುವುದರಿಂದ ವ್ಯವಹಾರ ಮುಂದುವರಿಸುವ ವಾರಸುದಾರರು ತಮ್ಮ ಹೆಸರಿನಲ್ಲಿ ಹೊಸ ನೋಂದಣಿ ಪಡೆಯಬೇಕು.

ಇವೆಲ್ಲಕ್ಕಿಂತ ಮಿಗಿಲಾದದ್ದು ಒಂದು ಸಾದಾ ನೋಟ್‌ಬುಕ್. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಬಾಯಿಮಾತಿನ ಸಾಲ ಯಾವುದು, ಯಾರ ಸಾಲಕ್ಕೆ ಜಾಮೀನು ನಿಂತಿದ್ದೇವೆ, ಕಾಗದಪತ್ರ ಎಲ್ಲಿದೆ, ಮೊದಲು ಫೋನ್ ಮಾಡಬೇಕಾದ ಲೆಕ್ಕಿಗರು ಯಾರು ಎಂಬುದೆಲ್ಲ ಅದರಲ್ಲಿರಬೇಕು. ಮಡದಿ ಅಥವಾ ಮಕ್ಕಳಿಗೆ, ಜೊತೆಗೆ ನಂಬಿಕಸ್ಥ ಸಹೋದ್ಯೋಗಿಯೊಬ್ಬರಿಗೆ ಅದು ಎಲ್ಲಿದೆಯೆಂದು ಗೊತ್ತಿರಬೇಕು. ವರ್ಷಕ್ಕೊಮ್ಮೆ ಮಾಲೀಕರು ಎರಡು ವಾರ ಊರಿಗೆ ಹೋಗಿ, ತಮ್ಮ ಫೋನಿಲ್ಲದೆ ವ್ಯವಹಾರ ನಡೆಯುವುದೇ ಎಂದು ಪರೀಕ್ಷಿಸಿ ನೋಡಬಹುದು. ಎಲ್ಲಿ ಕೆಲಸ ನಿಲ್ಲುತ್ತದೋ ಅಲ್ಲೇ ಇನ್ನೊಬ್ಬರಿಗೆ ಕಲಿಸಬೇಕಾದ್ದು ಬಾಕಿಯಿದೆ ಎಂದರ್ಥ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಆಪತ್ತು ಬಂದ ಮೇಲೆ ಕಾಗದ ಹುಡುಕಿದರೆ ಪ್ರಯೋಜನವಿಲ್ಲ. ಕಟ್ಟಿದವರು ಬದುಕಿದ್ದಾಗಲೇ ಲೆಕ್ಕ ಹಂಚಿಕೊಂಡರೆ ಉಳಿದವರಿಗೆ ದುಃಖವೊಂದೇ ಇರುತ್ತದೆ, ದಿಕ್ಕು ತಪ್ಪುವುದಿಲ್ಲ.